ಹಳೆ ಡಿವಿಡಿ ರೈಟರ್‌ಗೆ ಫರ್ಮ್‌ವೇರ್ ತಿದ್ದಿ ಹಾಕಿದೆ, ಕೆಲಸ ಆಯ್ತು

ಕೊನೆಗೂ ಆಯ್ತು. ಡ್ರೈವಿನ ಒಳಗೇ ಕೂತು ಅದನ್ನು ನಡೆಸುವ ಸಾಫ್ಟ್‌ವೇರಿಗೆ ಫರ್ಮ್‌ವೇರ್ ಅಂತಾರೆ. ಅದನ್ನು ತಿದ್ದಿದ ಮೇಲೆ ಅಂಗಡಿಯ ಹಳೆ ಲೈಟ್‌ಆನ್ ಕಂಪನಿಯ ಸಾಟಾ (ಕಂಪ್ಯೂಟರ್ ಬೋರ್ಡಿಗೆ ನೇರ ಸೇರುವ) ರೈಟರ್ ಈಗ ಅಗ್ಗದ ಡಿಸ್ಕ್ ಮೇಲೂ ಗಟ್ಟಿಯಾಗಿ ಬರೆಯುತ್ತಿದೆ. ಆರೇಳು ತಿಂಗಳಿಂದ ಒಂದು ಡಿಸ್ಕೂ ವಾಪಸ್ ಬಂದಿಲ್ಲ. "ಈ ಕಾಲದಲ್ಲಿ ಡಿವಿಡಿ ಡ್ರೈವಿಗೆ ಫರ್ಮ್‌ವೇರಾ? ಸುಮ್ನೆ ಹೊಸದು ತಗೊಳ್ಳಿ ಸಾರ್" ಅಂದವರು ಬೇಕಾದರೆ ಬಂದು ಡಿಸ್ಕಿನ ತಪ್ಪು ಎಣಿಸುವ ಸ್ಕ್ಯಾನ್ ನೋಡಲಿ.

ಈ ಕಾಲದಲ್ಲಿ ಡಿವಿಡಿ ಯಾಕೆ ಅಂತ ಕೇಳಬಹುದು. ನನ್ನ ಅಂಗಡಿ ಇರುವುದು ಹಾಸನದಲ್ಲಿ, ಕೋರ್ಟಿಗೆ ಹತ್ತಿರ. ವಕೀಲರು ಸಿಸಿಟಿವಿ ದೃಶ್ಯ, ಫೋನ್ ರೆಕಾರ್ಡಿಂಗ್ ತಂದು ಡಿಸ್ಕಿಗೆ ಹಾಕಿಸಿಕೊಳ್ಳುತ್ತಾರೆ. 2024ರ ಜುಲೈ 1ರಿಂದ ಡಿಜಿಟಲ್ ಸಾಕ್ಷ್ಯಕ್ಕಿದ್ದ ಹಳೆ ಸಾಕ್ಷ್ಯ ಕಾಯ್ದೆಯ 65ಬಿ ಸೆಕ್ಷನ್ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಬಂತು. ಅದರ ಪ್ರಮಾಣಪತ್ರದ ನಮೂನೆಯಲ್ಲೇ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಬರೆಯುವ ಜಾಗ ಇದೆ. ಡಿಸ್ಕಿನ ಒಂದು ಸೆಕ್ಟರ್ (ಚಿಕ್ಕ ತುಣುಕು) ಓದದಿದ್ದರೂ ಆ ಫೈಲಿನ ಹ್ಯಾಶ್ ಬರುವುದಿಲ್ಲ. ಮದುವೆ ವಿಡಿಯೊ ಆದರೆ ಒಂದು ಕಡೆ ನಿಂತು ಮುಂದೆ ಓಡುತ್ತೆ, ಯಾರೂ ಕೇಳಲ್ಲ. ಇಲ್ಲಿ ಹಾಗಲ್ಲ.

ತೊಂದರೆ ಶುರುವಾಗಿದ್ದು ಡಿಸ್ಕಿನ ಹೊಸ ಲಾಟ್ ಬಂದಾಗ. ಡಬ್ಬದ ಮೇಲೆ ಅದೇ ಹೆಸರು, ಅದೇ 16ಎಕ್ಸ್ ವೇಗ. ಡಿಸ್ಕ್ ಯಾರದು, ಯಾವ ಬಗೆಯದು ಅಂತ ಡ್ರೈವಿಗೆ ತಿಳಿಸುವ ಒಳಗಿನ ಮೀಡಿಯಾ ಕೋಡ್ ಮಾತ್ರ ಬೇರೆ. ಫರ್ಮ್‌ವೇರಿನ ಪಟ್ಟಿಯಲ್ಲಿ ಆ ಕೋಡ್ ಇಲ್ಲ ಅಂದರೆ ಡ್ರೈವ್ ಯಾವುದೋ ಸಾಮಾನ್ಯ ಸ್ಟ್ರಾಟೆಜಿ (ಲೇಸರ್ ಹೇಗೆ ಬರೆಯಬೇಕು ಅನ್ನುವ ಕ್ರಮ) ಹಿಡಿದು ಬರೆಯುತ್ತೆ. ಬರೆದ ಡ್ರೈವಿನಲ್ಲೇ ಹಾಕಿದರೆ ಓದುತ್ತೆ. ವಕೀಲರ ಕಂಪ್ಯೂಟರಿನಲ್ಲಿ ಓದಲ್ಲ.

ಎಲ್ಲರೂ ಹೇಳುವ ಉಪಾಯಗಳನ್ನೆಲ್ಲ ಮಾಡಿ ನೋಡಿದೆ. 4ಎಕ್ಸ್‌ನಲ್ಲಿ ಬರೆದೆ, ಇನ್ನೂ ಕೆಟ್ಟಿತು. ನಿಧಾನ ಬರೆದರೆ ಒಳ್ಳೆಯದು ಅನ್ನುವುದು 16ಎಕ್ಸ್ ಡಿಸ್ಕಿನ ಮಟ್ಟಿಗೆ ಬರೀ ನಂಬಿಕೆ. ಲೆನ್ಸ್ ಒರೆಸಿದೆ. ಸಾವಿರದ ಎಂಟುನೂರು ಕೊಟ್ಟು ಹೊಸ ಯುಎಸ್‌ಬಿ ರೈಟರ್ ತಂದೆ. ಅದಕ್ಕೂ ಆ ಕೋಡ್ ಗೊತ್ತಿರಲಿಲ್ಲ. ಲೈಟ್‌ಆನ್‌ಗೆ ಬಂದಿದ್ದ ಕಡೆಯ ಫರ್ಮ್‌ವೇರ್ ಹುಡುಕಿ ಹಾಕಿದೆ. ಏನೂ ಬದಲಾಗಲಿಲ್ಲ. ಆ ಫರ್ಮ್‌ವೇರ್ ಬಂದಾಗ ಈ ಡಿಸ್ಕೇ ಹುಟ್ಟಿರಲಿಲ್ಲ, ಪಟ್ಟಿಯಲ್ಲಿ ಹೇಗೆ ಇರುತ್ತೆ? ಹಾಳಾದ ಡಿಸ್ಕು, ಹೊಸ ಡ್ರೈವು, ಬೆಂಗಳೂರಿನ ಓಡಾಟ ಎಲ್ಲ ಸೇರಿ ಐದು ಸಾವಿರದ ಹತ್ತಿರ ಕೈಬಿಟ್ಟಿತು.

ಆಮೇಲೆ ಫರ್ಮ್‌ವೇರನ್ನೇ ತಿದ್ದುವುದು ಅಂತ ಕೂತೆ. ಪ್ರಯೋಗಕ್ಕೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಮುನ್ನೂರೈವತ್ತಕ್ಕೆ ಬೇರೆ ಕಂಪನಿಯ ಹಳೆ ಡ್ರೈವ್ ತಂದೆ. ಯುಎಸ್‌ಬಿ-ಸಾಟಾ ಅಡಾಪ್ಟರ್ ಹಾಕಿ ಫ್ಲ್ಯಾಶ್ ಮಾಡುವಾಗ (ಫರ್ಮ್‌ವೇರ್ ಬರೆಯುವಾಗ) ಅರ್ಧದಲ್ಲೇ ನಿಂತಿತು. ಬೆಳಕು ಮಿಣುಕುತ್ತೆ, ಟ್ರೇ ಬರಲ್ಲ, ವಿಂಡೋಸ್‌ಗೆ ಡ್ರೈವೇ ಕಾಣಲ್ಲ. ಫ್ಲ್ಯಾಶ್ ಮಾಡುವ ಕಮಾಂಡುಗಳನ್ನು ಎಲ್ಲ ಅಡಾಪ್ಟರ್ ಚಿಪ್ಪುಗಳೂ ಸರಿಯಾಗಿ ದಾಟಿಸುವುದಿಲ್ಲ. ಅಲ್ಲಿಂದ ಮುಂದೆ ಎಲ್ಲ ಕೆಲಸ ವಿಂಡೋಸ್ ಎಕ್ಸ್‌ಪಿ ಇರುವ ಹಳೆ ಬೋರ್ಡಿನ ಕಂಪ್ಯೂಟರಿನಲ್ಲೇ ಮಾಡಿದೆ. ಡ್ರೈವ್ ನೇರ ಸಾಟಾ ಪೋರ್ಟಿಗೆ, ಬಯಾಸ್ ಸೆಟ್ಟಿಂಗಿನಲ್ಲಿ ಹಳೆ ಐಡಿಇ ಮೋಡ್. ಯುಪಿಎಸ್‌ಗೆ ಹೊಸ ಬ್ಯಾಟರಿಯೂ ಹಾಕಿಸಿದೆ. ನಮ್ಮ ಬೀದಿಯ ಕರೆಂಟ್ ನಂಬಿ ಫ್ಲ್ಯಾಶ್ ಮಾಡಲಾಗುವುದಿಲ್ಲ.

ಲೈಟ್‌ಆನ್‌ನಿಂದ ಮೊದಲು ಡಂಪ್, ಅಂದರೆ ಫರ್ಮ್‌ವೇರಿನ ನಕಲು, ತೆಗೆದೆ. ಎರಡು ಸಲ ತೆಗೆದು, ಎರಡೂ ಒಂದೇ ಅಂತ ಹೋಲಿಸಿದೆ. ಆಮೇಲೆ ಅದನ್ನು ಮೀಡಿಯಾ ಕೋಡ್ ಸ್ಪೀಡ್ ಎಡಿಟ್ ಅನ್ನುವ, ಫರ್ಮ್‌ವೇರ್ ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆದೆ. ಡಿಸ್ಕ್ ಕಂಪನಿಗಳಾದ ಮೋಸರ್ ಬೇರ್, ಸಿಎಂಸಿ ಮ್ಯಾಗ್‌ನ ಹಳೆ ಕೋಡುಗಳೆಲ್ಲ ಪಟ್ಟಿಯಲ್ಲಿ ಸಾಲಾಗಿ ಇದ್ದವು. ಮೋಸರ್ ಬೇರ್ ಮುಚ್ಚಿಹೋದ ಮೇಲೆ ಎಷ್ಟೋ ಸಾಲುಗಳಿಗೆ ಇಲ್ಲಿ ಕೆಲಸವೇ ಇಲ್ಲ. ಅಂಥ ಒಂದು ಸಾಲಿಗೆ ನನ್ನ ಡಿಸ್ಕಿನ ಕೋಡ್ ಕೂರಿಸಿ, ಬೇರೊಂದು ಡಿಸ್ಕಿನ ಸ್ಟ್ರಾಟೆಜಿ ಕೊಟ್ಟೆ. ಯಾವುದರ ಸ್ಟ್ರಾಟೆಜಿ ಅನ್ನುವುದು ನನ್ನ ಹತ್ತಿರವೇ ಇರಲಿ. ಅದನ್ನು ಹುಡುಕಲು ಒಂದೂವರೆ ಡಬ್ಬ ಡಿಸ್ಕ್ ಸುಟ್ಟಿದ್ದೇನೆ. ಡೈ, ಅಂದರೆ ಲೇಸರ್ ಬರೆಯುವ ಬಣ್ಣದ ಪದರ, ಯಾವ ಜಾತಿಯದು ಅಂತ ನೋಡಿಕೊಂಡು ಹೊರಟರೆ ನಿಮಗೂ ಸಿಗುತ್ತೆ, ಇಷ್ಟು ಹೇಳಬಲ್ಲೆ.

ಫ್ಲ್ಯಾಶ್ ಸರಿಯಾಗಿ ಆಯ್ತು, ಸ್ಕ್ಯಾನ್ ಮಾತ್ರ ಹಾಗೇ ಇತ್ತು. ಸಾಮಾನ್ಯವಾಗಿ ಎಲ್ಲರೂ ಕೈಬಿಡುವುದು ಇಲ್ಲೇ. ಈ ಡ್ರೈವ್ ಪ್ರತಿ ಕೋಡಿಗೂ ತಾನು ಕಲಿತ ಲೇಸರ್ ಲೆಕ್ಕವನ್ನು ಈಪ್ರಾಮ್ ಅನ್ನುವ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತೆ. ಹೊಸ ಫರ್ಮ್‌ವೇರ್ ಬಂದರೂ ಹಳೆ ಲೆಕ್ಕ ಅಲ್ಲೇ ಕೂತಿರುತ್ತೆ. ಡಿಸ್ಕ್ ಬರೆಯುವ ಸಾಫ್ಟ್‌ವೇರ್ ಇಮ್ಗ್‌ಬರ್ನ್‌ನಲ್ಲಿ ಲೈಟ್‌ಆನ್ ಸೆಟ್ಟಿಂಗ್ಸ್ ತೆರೆದು ಆ ಹಳೆ ಲೆಕ್ಕ, ಅಂದರೆ ಒಪಿಸಿ ಹಿಸ್ಟರಿ, ಅಳಿಸಿದೆ. ಮೊದಲ ಒಂದೆರಡು ಡಿಸ್ಕು ಸುಮಾರಾಗಿ ಬಂತು, ಆಮೇಲೆ ನೆಟ್ಟಗಾಯ್ತು. ಸ್ಕ್ಯಾನಿನಲ್ಲಿ ಪಿಐ ಅಂದರೆ ಓದುವಾಗ ಸಿಗುವ ತಪ್ಪು, ಪಿಐಎಫ್ ಅಂದರೆ ಮೊದಲ ಹಂತದಲ್ಲಿ ಸರಿಯಾಗದೆ ಉಳಿದ ತಪ್ಪು. ಮೊದಲು ಪಿಐ ಸಾವಿರ ದಾಟುತ್ತಿತ್ತು, ಪಿಐಎಫ್ ಮೂವತ್ತು ನಲವತ್ತು ಮುಟ್ಟುತ್ತಿತ್ತು. ಈಗ 8ಎಕ್ಸ್‌ನಲ್ಲಿ ಬರೆದರೆ ಪಿಐ ನಲವತ್ತರ ಆಸುಪಾಸು, ಪಿಐಎಫ್ 2 ಅಥವಾ 3. ಮಿತಿ 280 ಮತ್ತು 4 ಅಲ್ವಾ, ಆರಾಮಾಗಿ ಒಳಗಿದೆ. ಸ್ಕ್ಯಾನನ್ನು ಕೆಪ್ರೋಬ್ ಅನ್ನುವ ಸಾಫ್ಟ್‌ವೇರ್ ಹಾಕಿ ಇನ್ನೊಂದು ಲೈಟ್‌ಆನ್‌ನಲ್ಲಿ ಮಾಡುತ್ತೇನೆ. ಹ್ಯಾಶ್ ಪರೀಕ್ಷೆಯೂ ಬೇರೆ ಡ್ರೈವಿನಲ್ಲೇ. ಬರೆದ ಡ್ರೈವಿನ ಸಾಕ್ಷಿ ನನಗೆ ಸಾಲದು.

ಇದರ ನಡುವೆ ಬಿಟ್‌ಸೆಟ್ಟಿಂಗ್ (ಡಿಸ್ಕ್ ಯಾವ ಬಗೆಯದು ಅನ್ನುವ ಗುರುತು ಬದಲಿಸುವುದು) ಕೂಡ ನೋಡಿದೆ. ಒಬ್ಬ ವಕೀಲರ ಆಫೀಸಿನ ತುಂಬ ಹಳೆ ಕಂಪ್ಯೂಟರ್ ನನ್ನ ಪ್ಲಸ್ ಆರ್ (ಡಿವಿಡಿ+ಆರ್) ಡಿಸ್ಕುಗಳನ್ನು ಗುರುತಿಸುತ್ತಲೇ ಇರಲಿಲ್ಲ. ಆ ಗುರುತನ್ನು, ಅಂದರೆ ಬುಕ್ ಟೈಪನ್ನು, ಡಿವಿಡಿ-ರೋಮ್ (DVD-ROM) ಅಂತ ಬದಲಾಯಿಸಿ ಬರೆದುಕೊಟ್ಟೆ, ತಕ್ಷಣ ತೆರೆಯಿತು. ಬರೆಯುವ ಮೊದಲೇ ಬದಲಾಯಿಸಬೇಕು, ಮೈನಸ್ ಆರ್ (ಡಿವಿಡಿ-ಆರ್) ಡಿಸ್ಕಿಗೆ ಆಗಲ್ಲ. ಹಾಗಾಗಿ ಈಗ ಅಂಗಡಿಯಲ್ಲಿ ಪ್ಲಸ್ ಆರ್ ಮಾತ್ರ ಇಡುತ್ತೇನೆ.

ಬೇಸಿಗೆಯಲ್ಲಿ ನಾಲ್ಕೈದು ಡಿಸ್ಕನ್ನು ತಾರಸಿ ಬಿಸಿಲಿಗೂ ಇಟ್ಟೆ, ಬರೆದ ಮುಖ ಮೇಲೆ ಮಾಡಿ. ಹಳೆ ಸ್ಟ್ರಾಟೆಜಿಯಲ್ಲಿ ಬರೆದವು ಎರಡು ಮೂರು ವಾರಕ್ಕೆ ಹೋದವು. ಹೊಸದರಲ್ಲಿ ಬರೆದವು ತಿಂಗಳು ದಾಟಿದವು, ಆದರೆ ಪಿಐಎಫ್ ಏರಿತ್ತು. ಡೈ ಬಿಸಿಲಿಗೆ ಕೆಟ್ಟರೆ ಯಾವ ಫರ್ಮ್‌ವೇರೂ ಉಳಿಸಲ್ಲ. ಅದಕ್ಕೇ ಕವರಿನ ಜೊತೆ ಕಪ್ಪು ಪೇಪರ್ ಕೊಡುತ್ತೇನೆ.

"ಓಡುತ್ತಿರುವುದನ್ನು ಮುಟ್ಟಬೇಡಿ" ಅನ್ನುವವರಿಗೆ ಇನ್ನೊಂದು ಮಾತು. 2019ರಲ್ಲಿ ಸರ್ವರ್ ಕಂಪನಿ ಎಚ್‌ಪಿಇ ತನ್ನ ಕೆಲವು ಸರ್ವರ್ ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ಮೇಲೆ ಸತ್ತುಹೋಗುತ್ತವೆ, ಡೇಟಾ ವಾಪಸ್ ಬರಲ್ಲ ಅಂತ ತಾನೇ ಎಚ್ಚರಿಸಿತ್ತು. ಉಳಿಸಿಕೊಳ್ಳಲು ಇದ್ದ ದಾರಿ ಹೊಸ ಫರ್ಮ್‌ವೇರ್. ಮುಟ್ಟದೆ ಕೂತವರ ಡ್ರೈವಿಗೆ ಏನಾಗುತ್ತಿತ್ತು?

ಹಣದ ಲೆಕ್ಕ ಈಗ ಸರಿಹೋಗಿದೆ. ಡಿಸ್ಕು ಹದಿನೈದು ಹದಿನೆಂಟು ರೂಪಾಯಿ ಬೀಳುತ್ತೆ. ಬರೆದು, ಹ್ಯಾಶ್ ನೋಡಿ, ಸ್ಕ್ಯಾನ್ ಪ್ರಿಂಟ್ ಸಮೇತ ಕೊಡಲು ನೂರೈವತ್ತು ತಗೋತೇನೆ. ಹೋದ ಐದು ಸಾವಿರ ಎಂದೋ ಬಂತು.

ಉಳಿದಿರುವುದು ಸತ್ತುಬಿದ್ದಿರುವ ಆ ಮುನ್ನೂರೈವತ್ತರ ಡ್ರೈವ್. ಬೋರ್ಡ್ ಬಿಚ್ಚಿ ನೋಡಿದ್ದೇನೆ, ಎಂಟು ಕಾಲಿನ ಫ್ಲ್ಯಾಶ್ ಚಿಪ್ ಕಾಣುತ್ತಿದೆ. ಅದಕ್ಕೆ ಕ್ಲಿಪ್ ಹಾಕಿ ಸಿಎಚ್341ಎ ಪ್ರೋಗ್ರಾಮರ್ (ಚಿಪ್ಪಿಗೆ ಬರೆಯುವ ಚಿಕ್ಕ ಉಪಕರಣ) ಬಳಸಿ ನೇರ ಬರೆಯಬೇಕು. ಪ್ರೋಗ್ರಾಮರ್ ದುಬಾರಿ ಏನಲ್ಲ, ಮುಂದಿನ ಸಲ ಬೆಂಗಳೂರಿಗೆ ಹೋದಾಗ ತರುತ್ತೇನೆ.