ಫಾರ್ಮ್ಯಾಟ್‌ಗೆ ಒಯ್ಯುವ ಮುಂಚೆ: ಮನೆ ಕಂಪ್ಯೂಟರಿನ ವೈರಸ್ ನೀವೇ ತೆಗೆಯಿರಿ

ಹೋದ ತಿಂಗಳು ದಾವಣಗೆರೆ ವಿದ್ಯಾನಗರದಿಂದ ಅಕ್ಕ ಫೋನ್ ಮಾಡಿದಳು. "ಕಂಪ್ಯೂಟರ್‌ಗೆ ಏನೋ ಬಡಿದಿದೆ ಕಣೋ, ನಿಮ್ಮ ಭಾವ ಆಗಲೇ ಅಂಗಡಿಗೆ ಹೊರಟು ನಿಂತಿದ್ದಾರೆ." ಹೋಗಿ ನೋಡಿದೆ. ಹಿಂದಿನ ದಿನ ಅವಳ ಮಗಳು ಕಾಲೇಜಿನ ಪ್ರಾಜೆಕ್ಟ್ ಪ್ರಿಂಟ್ ತೆಗೆಸೋಕೆ ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗಿದ್ದಳು. ವಾಪಸ್ ಬಂದು ಮನೆಯಲ್ಲಿ ಚುಚ್ಚಿದ್ದಾಳೆ. ಈಗ ಪೆನ್‌ಡ್ರೈವ್‌ನಲ್ಲಿ ಇರುವ ಪ್ರತಿ ಫೋಲ್ಡರಿನ ಮೂಲೆಯಲ್ಲೂ ಒಂದು ಸಣ್ಣ ಬಾಣದ ಗುರುತು, ಒಂದೊಂದರ ಸೈಜ್ ನೋಡಿದರೆ ಬರೀ 1 ಕೆಬಿ, 2 ಕೆಬಿ. ಕಂಪ್ಯೂಟರ್ ಆನ್ ಆಗೋಕೆ ಹತ್ತು ನಿಮಿಷ. ಬ್ರೌಸರ್ ತೆಗೆದರೆ ಯಾವುದೋ ಹುಡುಕುವ ಪೇಜ್ ತಾನಾಗೇ ಬರುತ್ತಿದೆ.

ಭಾವನನ್ನು ಬಾಗಿಲಲ್ಲೇ ತಡೆದೆ. ಕಾರಣ ಇದೆ. ಕೆಲವು ವರ್ಷದ ಹಿಂದೆ ನಾನು ಹೀಗೇ ನನ್ನ ಸಿಸ್ಟಂ ಒಂದು ಅಂಗಡಿಗೆ ಕೊಟ್ಟಿದ್ದೆ. ಅವನು ಒಂದು ಮಾತೂ ಕೇಳದೆ ಸಿ ಡ್ರೈವ್ ಜೊತೆ ಡಿ ಡ್ರೈವ್ ಕೂಡ ಒರೆಸಿಬಿಟ್ಟ. ಅಪ್ಪಾಜಿಯ ಹಳೇ ಫೋಟೋಗಳೆಲ್ಲ ಅದರಲ್ಲೇ ಇದ್ದವು. "ವೈರಸ್ ಜಾಸ್ತಿ ಇತ್ತು ಸಾರ್, ಫುಲ್ ಕ್ಲೀನ್ ಮಾಡಿದೀನಿ" ಅಂತ ನಗುತ್ತಾ ಬಿಲ್ ಕೊಟ್ಟ. ಅವತ್ತಿಂದ ಫಾರ್ಮ್ಯಾಟ್ ಅನ್ನೋದು ನನಗೆ ಕೊನೇ ಮಾತು.

ಅನುಮಾನ ಬಂದ ತಕ್ಷಣ ನೆಟ್ ಕಿತ್ತುಹಾಕಿ. ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಎಳೆದುಬಿಡಿ. ಈಗಿನ ವೈರಸ್‌ಗಳು ಸುಮ್ನೆ ಕೀಟಲೆ ಮಾಡೋಕೆ ಬರೋದಿಲ್ಲ, ಬ್ರೌಸರ್‌ನಲ್ಲಿ ನೀವು ಉಳಿಸಿಟ್ಟ ಪಾಸ್‌ವರ್ಡ್ ಹೊತ್ತುಕೊಂಡು ಹೋಗೋಕೆ ಬರುತ್ತವೆ, ಹೋಗೋಕೆ ದಾರಿ ನೆಟ್ ತಾನೇ? ಆಮೇಲೆ ಮೊಬೈಲ್ ತೆಗೆದು ಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಾಯಿಸಿ. ಮೊಬೈಲ್‌ನಿಂದಲೇ. ಸೋಂಕು ತಗುಲಿದ ಕಂಪ್ಯೂಟರ್‌ನಲ್ಲೇ ಹೊಸ ಪಾಸ್‌ವರ್ಡ್ ಟೈಪ್ ಮಾಡಿದರೆ ಕಳ್ಳನ ಕೈಗೇ ಹೊಸ ಬೀಗದ ಕೈ ಕೊಟ್ಟ ಹಾಗೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ವೈರಸ್ ಅಂತ ನನಗೆ ಬರುವ ಫೋನ್‌ಗಳಲ್ಲಿ ಎಷ್ಟೋ ಸಲ ಅದು ವೈರಸ್ಸೇ ಆಗಿರೋದಿಲ್ಲ. ಪರದೆಯ ಬಲಗಡೆ ಕೆಳಗೆ "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ" ಅಂತ ಪದೇ ಪದೇ ಚೀಟಿ ಏಳುತ್ತದಲ್ಲ, ಅದು ಯಾವುದೋ ಸೈಟ್‌ನಲ್ಲಿ ನೀವೇ 'ಅಲೋ' ಒತ್ತಿದ ನೋಟಿಫಿಕೇಶನ್. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಗುರುತಿಲ್ಲದ ಸೈಟ್‌ಗಳನ್ನೆಲ್ಲ ಅಲ್ಲಿಂದ ತೆಗೆದುಹಾಕಿ, ಮುಗಿಯಿತು. ಪರದೆ ತುಂಬ ಕೆಂಪಾಗಿ, ಬೀಪ್ ಅಂತ ಕೂಗುತ್ತಾ "ಈ ನಂಬರಿಗೆ ಕರೆ ಮಾಡಿ" ಅಂದರೆ ಅದು ಪಕ್ಕಾ ಮೋಸ. ಮೈಕ್ರೋಸಾಫ್ಟ್ ಎಚ್ಚರಿಕೆಯಲ್ಲಿ ಎಂದೂ ಫೋನ್ ನಂಬರ್ ಇರೋದಿಲ್ಲ. ಬ್ರೌಸರ್ ಮುಚ್ಚಿ. ಮುಚ್ಚದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನಿಂದ ಅದನ್ನು ಕೊನೆಗಾಣಿಸಿ.

ನಿಜವಾದ ವೈರಸ್ ಅಂತ ಅನಿಸಿದರೆ, ಏನು ಮಾಡುವ ಮುಂಚೆಯೂ ಫೈಲ್ ಉಳಿಸಿಕೊಳ್ಳಿ. ಆದರೆ ಮಾಮೂಲಿ ಹಾಗೆ ಕಂಪ್ಯೂಟರ್ ಆನ್ ಮಾಡಿ ಇನ್ನೊಂದು ಪೆನ್‌ಡ್ರೈವ್ ಚುಚ್ಚಿದರೆ ಅದಕ್ಕೂ ಅಂಟಿಕೊಳ್ಳುತ್ತದೆ. ಅದಕ್ಕೆ ಸೇಫ್ ಮೋಡ್‌ಗೆ ಹೋಗಿ. ಶಿಫ್ಟ್ ಕೀ ಒತ್ತಿ ಹಿಡಿದುಕೊಂಡೇ ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಪರದೆ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟ್ಅಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಆಮೇಲೆ 4 ಒತ್ತಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ತನಗೆ ಬೇಕಾದಷ್ಟನ್ನೇ ಶುರು ಮಾಡುತ್ತದೆ, ಹಾಗಾಗಿ ಬಾಗಿಲಲ್ಲಿ ಕಾಯುತ್ತಿದ್ದ ಬಹುಪಾಲು ವೈರಸ್‌ಗಳು ಹೊರಗೇ ಉಳಿಯುತ್ತವೆ. ಹೊಸ ಲ್ಯಾಪ್‌ಟಾಪ್ ಆದರೆ ಇಲ್ಲಿ ಬಿಟ್‌ಲಾಕರ್ ಕೀ, ಅಂದರೆ ವಿಂಡೋಸ್ ಡಿಸ್ಕ್‌ಗೆ ಹಾಕಿದ ಬೀಗದ ಕೈ, ಕೇಳಬಹುದು. 48 ಅಂಕಿಯ ನಂಬರ್ ಅದು, ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಮೊಬೈಲ್‌ನಲ್ಲಿ ಲಾಗಿನ್ ಆಗಿ ಮೊದಲೇ ಬರೆದಿಟ್ಟುಕೊಳ್ಳಿ.

ಕಾಪಿ ಮಾಡಬೇಕಾದ್ದು ಫೋಟೋ, ವಿಡಿಯೋ, ವರ್ಡ್, ಎಕ್ಸೆಲ್, ಪಿಡಿಎಫ್. ಭಾವ ಮೆಕ್ಕೆಜೋಳದ ಮಂಡಿಯ ಲೆಕ್ಕ ಮನೆಯಲ್ಲೇ ಬರೆಯುತ್ತಾರೆ, ಅವರ ಟ್ಯಾಲಿ ಡೇಟಾ ಫೋಲ್ಡರ್ ಪೂರ್ತಿ ಎತ್ತಿಟ್ಟೆ. ಇಎಕ್ಸ್‌ಇ, ವಿಬಿಎಸ್, ಬ್ಯಾಟ್ ಅಂತ ಕೊನೆಯಾಗುವ ಯಾವ ಫೈಲನ್ನೂ ಎತ್ತಬೇಡಿ. ಸಾಫ್ಟ್‌ವೇರ್ ಮತ್ತೆ ಸಿಗುತ್ತದೆ, ಮದುವೆ ಫೋಟೋ ಸಿಗೋದಿಲ್ಲ. ಹೆಸರಿನ ಕೊನೆ ಕಾಣದಿದ್ದರೆ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿ, ಆಗ 'ಫೋಟೋ.ಜೆಪಿಜಿ.ಇಎಕ್ಸ್‌ಇ' ತರಹದ ವೇಷಗಾರರು ಸಿಕ್ಕಿಬೀಳುತ್ತಾರೆ.

ಈಗ ಸ್ಕ್ಯಾನ್. ಇಲ್ಲಿ ನಾನು ಅಕ್ಕನ ಮನೆಯಲ್ಲಿ ಕಂಡಿದ್ದನ್ನು ಹೇಳಲೇಬೇಕು. ವಿಂಡೋಸ್ ಸೆಕ್ಯುರಿಟಿ ತೆರೆದೆ. ಎಲ್ಲಾ ಹಸಿರು ಟಿಕ್. "ನೋ ಥ್ರೆಟ್ಸ್" ಅನ್ನುತ್ತಿದೆ. ಅಲ್ಲಾ ಮಾರಾಯ, ಕಣ್ಣೆದುರೇ ಕುಣಿಯುತ್ತಿದೆ, ನಿನಗೆ ಕಾಣೋದಿಲ್ವಾ? ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್‌ಗೆ ಹೋಗಿ, ಮ್ಯಾನೇಜ್ ಸೆಟ್ಟಿಂಗ್ಸ್ ಒತ್ತಿ, ಪೂರ್ತಿ ಕೆಳಗೆ ಇಳಿದು ಎಕ್ಸ್‌ಕ್ಲೂಷನ್ಸ್ ತೆಗೆದೆ. ಅಲ್ಲಿ ಒಂದೇ ಒಂದು ಸಾಲು ಇತ್ತು. ಸಿ ಡ್ರೈವ್. ಇಡೀ ಸಿ ಡ್ರೈವ್! ಅಂದರೆ "ಈ ಡ್ರೈವ್ ಕಡೆ ತಿರುಗಿಯೂ ನೋಡಬೇಡ" ಅಂತ ಕಾವಲುಗಾರನಿಗೆ ಯಾರೋ ಹೇಳಿಟ್ಟಿದ್ದಾರೆ. ಯಾರು ಅಂದರೆ, ಮೊದಲು ವಿಂಡೋಸ್ ಹಾಕಿಕೊಟ್ಟವರೇ ಇರಬೇಕು. ದುಡ್ಡು ಕೊಡದ ವಿಂಡೋಸ್ ಅನ್ನು ಆಕ್ಟಿವೇಟ್ ಮಾಡುವ ಸಣ್ಣ ಪ್ರೋಗ್ರಾಂ ಒಂದು ಅದರಲ್ಲಿ ಕೂತಿತ್ತು, ಡಿಫೆಂಡರ್ (ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್) ಅದನ್ನು ಹಿಡಿದುಹಾಕುತ್ತೆ ಅಂತ ಕಣ್ಣು ಕಟ್ಟಿಟ್ಟಿದ್ದರು. ಕೆಲವು ವೈರಸ್‌ಗಳೂ ಇದೇ ಕೆಲಸ ತಾವೇ ಮಾಡುತ್ತವೆ. ನಿಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಇವತ್ತೇ ಆ ಪಟ್ಟಿ ನೋಡಿ. ನೀವು ಹಾಕದ ಸಾಲು ಏನಿದ್ದರೂ ತೆಗೆದುಹಾಕಿ.

ಅದಾದ ಮೇಲೆ ಮಾಮೂಲಿ ವಿಂಡೋಸ್‌ಗೆ ವಾಪಸ್ ಬಂದು, ನೆಟ್ ಐದು ನಿಮಿಷ ಕೊಟ್ಟು, ಡಿಫೆಂಡರ್ ಅಪ್‌ಡೇಟ್ ಮಾಡಿ ಮತ್ತೆ ಕಿತ್ತುಹಾಕಿ. ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಕ್ವಿಕ್ ಸ್ಕ್ಯಾನ್ ಒತ್ತಿ ಸುಮ್ಮನಾಗಬೇಡಿ. ಕೊನೆಯಲ್ಲಿ ಆಫ್‌ಲೈನ್ ಸ್ಕ್ಯಾನ್ ಅಂತ ಇದೆ, ಮೊದಲು ಅದು. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುಂಚೆಯೇ ಹುಡುಕುತ್ತದೆ, ಸುಮಾರು 15 ನಿಮಿಷ. ವಿಂಡೋಸ್ ಮಲಗಿರುವಾಗ ವೈರಸ್‌ಗೂ ಬಚ್ಚಿಟ್ಟುಕೊಳ್ಳೋಕೆ ಜಾಗ ಇರೋದಿಲ್ಲ. ಆಮೇಲೆ ಫುಲ್ ಸ್ಕ್ಯಾನ್. ಹಳೇ ಹಾರ್ಡ್‌ಡಿಸ್ಕ್ ಆದರೆ ಗಂಟೆಗಟ್ಟಲೆ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಸಿಪಿಯು ಫ್ಯಾನ್ ಹಿಟ್ಟಿನ ಗಿರಣಿ ತರಹ ಕೂಗುತ್ತೆ, ಪಕ್ಕದಲ್ಲಿ ಒಂದು ಟೇಬಲ್ ಫ್ಯಾನ್ ಇಟ್ಟು ನೀವು ಮೆಣಸಿನಕಾಯಿ ಮಂಡಕ್ಕಿ ತಿನ್ನೋಕೆ ಹೋಗಿ ಬನ್ನಿ. ನಾನು, ಭಾವ ಹಾಗೇ ಮಾಡಿದೆವು. ಬರುವಷ್ಟರಲ್ಲಿ ಹನ್ನೊಂದು ಸಿಕ್ಕಿದ್ದವು.

ಎರಡನೇ ಕಣ್ಣು ಬೇಕು ಅಂದರೆ ಮೈಕ್ರೋಸಾಫ್ಟ್‌ನದೇ ಸೇಫ್ಟಿ ಸ್ಕ್ಯಾನರ್ ಇದೆ, ಪುಕ್ಕಟೆ. ಡೌನ್‌ಲೋಡ್ ಮಾಡಿ 10 ದಿನ ಮಾತ್ರ ನಡೆಯುತ್ತದೆ, ಹಾಗಾಗಿ ಪ್ರತಿ ಸಲ ಹೊಸದು ಇಳಿಸಿಕೊಳ್ಳಿ. ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿಯೂ ಚೆನ್ನಾಗಿದೆ. ನಮ್ಮ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಪುಕ್ಕಟೆ ಟೂಲ್‌ಗಳಿವೆ. ಆದರೆ ಧೈರ್ಯಕ್ಕೆ ಅಂತ ಎರಡು ಮೂರು ಆಂಟಿವೈರಸ್ ಒಟ್ಟಿಗೆ ಕೂರಿಸಬೇಡಿ, ಅವು ಒಂದಕ್ಕೊಂದು ಜಗಳ ಆಡಿ ಕಂಪ್ಯೂಟರ್ ಇನ್ನೂ ನಿಧಾನ ಆಗುತ್ತದೆ.

ಸ್ಕ್ಯಾನ್ ಆದರೂ ಕೈಯಾರೆ ಒಂದು ಸುತ್ತು ನೋಡಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್ಅಪ್ ಭಾಗದಲ್ಲಿ ಅರ್ಥವಿಲ್ಲದ ಹೆಸರಿನದ್ದು ಅಥವಾ ಪಬ್ಲಿಷರ್ ಜಾಗ ಖಾಲಿ ಇರುವುದು ಕಂಡರೆ ಡಿಸೇಬಲ್ ಮಾಡಿ. ಖಾಲಿ ಅಂದಮಾತ್ರಕ್ಕೆ ಎಲ್ಲವೂ ವೈರಸ್ ಅಲ್ಲ, ಆದರೆ ಡಿಸೇಬಲ್ ಮಾಡಿದರೆ ನಷ್ಟ ಇಲ್ಲ, ಬೇಕಾದರೆ ಮತ್ತೆ ಆನ್ ಮಾಡಬಹುದು. ಇನ್‌ಸ್ಟಾಲ್ ಆದ ಆ್ಯಪ್‌ಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ತೊಂದರೆ ಶುರುವಾದ ದಿನದ ಆಸುಪಾಸು ಬಂದವರು ಯಾರು ನೋಡಿ. ಬ್ರೌಸರ್ ಎಕ್ಸ್‌ಟೆನ್ಶನ್‌ಗಳನ್ನೂ. ಅಕ್ಕನ ಮನೆಯಲ್ಲಿ ಹುಡುಕುವ ಪೇಜ್ ಬದಲಾಯಿಸುತ್ತಿದ್ದದ್ದು ಅಲ್ಲೇ ಕೂತಿದ್ದ ಒಂದು ಪಿಡಿಎಫ್ ಕನ್ವರ್ಟರ್.

ಪೆನ್‌ಡ್ರೈವ್ ವಿಷಯಕ್ಕೆ ಬರೋಣ. "ಮಾಮ, ನನ್ನ ಪ್ರಾಜೆಕ್ಟ್ ಹೋಯ್ತಾ?" ಅಂತ ಅಕ್ಕನ ಮಗಳು ಅಳುವುದೊಂದೇ ಬಾಕಿ. ಹೋಗಿರೋದಿಲ್ಲ. ಈ ಶಾರ್ಟ್‌ಕಟ್ ವೈರಸ್ ಫೈಲ್ ಅಳಿಸೋದಿಲ್ಲ, ಮರೆಮಾಚುತ್ತದೆ. ನಿಮ್ಮ ಫೋಲ್ಡರನ್ನು ಬಚ್ಚಿಟ್ಟು ಅದೇ ಹೆಸರಲ್ಲಿ ಶಾರ್ಟ್‌ಕಟ್ ಇಡುತ್ತದೆ. ನೀವು ಅದರ ಮೇಲೆ ಕ್ಲಿಕ್ ಮಾಡಿದಾಗ ಮೊದಲು ವೈರಸ್ ಓಡಿ ಆಮೇಲೆ ಫೋಲ್ಡರ್ ತೆರೆಯುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗೋದಿಲ್ಲ. ಕಂಪ್ಯೂಟರ್ ಕ್ಲೀನ್ ಆದ ಮೇಲೆ ಮಾತ್ರ ಪೆನ್‌ಡ್ರೈವ್ ಚುಚ್ಚಿ, ತೆರೆಯದೆ ಬಲ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ. ನಂತರ ಫೋಲ್ಡರ್ ಆಪ್ಷನ್ಸ್‌ನ ವ್ಯೂ ಪುಟದಲ್ಲಿ ಹಿಡನ್ ಫೈಲ್ ತೋರಿಸು ಅನ್ನೋದನ್ನು ಆರಿಸಿ, ಸಿಸ್ಟಂ ಫೈಲ್ ಅಡಗಿಸು ಅನ್ನುವ ಟಿಕ್ ತೆಗೆಯಿರಿ. ಮಸುಕಾಗಿ ನಿಮ್ಮ ಫೋಲ್ಡರ್‌ಗಳು ಕಾಣುತ್ತವೆ. ಕೆಲವು ಸಲ ಹೆಸರೇ ಇಲ್ಲದ ಒಂದು ಫೋಲ್ಡರ್ ಒಳಗೆ ಎಲ್ಲವನ್ನೂ ತುರುಕಿರುತ್ತದೆ, ಅಕ್ಕನ ಮಗಳದ್ದು ಹಾಗೇ ಇತ್ತು. ಒಳಗಿನ ಫೈಲ್‌ಗಳನ್ನಷ್ಟೇ ಕಂಪ್ಯೂಟರ್‌ಗೆ ಕಾಪಿ ಮಾಡಿ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿಬಿಡಿ. ಇದಕ್ಕೆ ಮಾತ್ರ ಫಾರ್ಮ್ಯಾಟ್ ಒಳ್ಳೆಯದು.

ಫೈಲ್‌ಗಳ ಹೆಸರಿನ ಹಿಂದೆ ವಿಚಿತ್ರ ಬಾಲ ಅಂಟಿಕೊಂಡು, ಯಾವುದೂ ತೆರೆಯದೆ, ದುಡ್ಡು ಕೇಳುವ ಒಂದು ಟೆಕ್ಸ್ಟ್ ಫೈಲ್ ಇದ್ದರೆ ಕತೆ ಬೇರೆ. ಅದು ರಾನ್ಸಂವೇರ್, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೀಳುವ ಜಾತಿ. ದುಡ್ಡು ಕಟ್ಟಬೇಡಿ, ಕಟ್ಟಿದರೂ ಬೀಗದ ಕೈ ಬರುತ್ತೆ ಅನ್ನೋ ಖಾತ್ರಿ ಇಲ್ಲ. ಬ್ಯಾಕಪ್ ಡಿಸ್ಕ್ ಹತ್ತಿರವೂ ತರಬೇಡಿ. 'ನೋ ಮೋರ್ ರಾನ್ಸಮ್' ಅಂತ ಒಂದು ತಾಣ ಇದೆ, ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಡಚ್ ಪೊಲೀಸರು ಸೆಕ್ಯುರಿಟಿ ಕಂಪನಿಗಳ ಜೊತೆ ಸೇರಿ 2016ರಲ್ಲಿ ಶುರು ಮಾಡಿದ್ದು. ಅಲ್ಲಿ ಒಂದು ಫೈಲ್ ಹಾಕಿದರೆ ಯಾವ ಜಾತಿ ಅಂತ ಹೇಳುತ್ತದೆ, ಬಿಡಿಸುವ ಟೂಲ್ ಇದ್ದರೆ ಪುಕ್ಕಟೆ ಕೊಡುತ್ತದೆ. ಇವತ್ತು ಇಲ್ಲದಿದ್ದರೆ ಫೈಲ್‌ಗಳನ್ನು ಹಾಗೇ ಎತ್ತಿಡಿ, ಮುಂದೆ ಬರಬಹುದು. ಬ್ಯಾಂಕಿನ ದುಡ್ಡೇ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಜಾರುತ್ತದೆ.

ಇಷ್ಟೆಲ್ಲ ಮಾಡಿದರೂ ಡಿಫೆಂಡರ್ ಆನ್ ಆಗುತ್ತಿಲ್ಲ, ಅಥವಾ ತೆಗೆದ ವೈರಸ್ ಮಾರನೇ ದಿನ ಮತ್ತೆ ಹಾಜರ್ ಅಂದರೆ ರೀಸೆಟ್ ಮಾಡುವುದೇ ಸರಿ. ಪಾಸ್‌ವರ್ಡ್ ಕದಿಯುವ ಜಾತಿಯದ್ದು ಸಿಕ್ಕಿದ್ದರೆ, ಅದೇ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ಕೆಲಸ ನಡೆಯುತ್ತಿದ್ದರೆ, ನಾನಂತೂ ಎರಡನೇ ಮಾತಿಲ್ಲದೆ ಹೊಸದಾಗಿ ಹಾಕುತ್ತೇನೆ. ಭಾವನ ಸಿಸ್ಟಂ ಕೊನೆಗೆ ಹಾಗೇ ಮಾಡಿದ್ದು. ಆದರೆ ಫೈಲ್ ಎಲ್ಲ ನಮ್ಮ ಕೈಯಲ್ಲಿತ್ತು, ಆ ಧೈರ್ಯವೇ ಬೇರೆ.

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ರಿಕವರಿ, ರೀಸೆಟ್ ಪಿಸಿ. 'ಕೀಪ್ ಮೈ ಫೈಲ್ಸ್' ಅಂತ ಒಂದು, 'ರಿಮೂವ್ ಎವ್ರಿಥಿಂಗ್' ಅಂತ ಒಂದು ಕೇಳುತ್ತದೆ. ಬ್ಯಾಕಪ್ ಆಗಿದ್ದರೆ ಎರಡನೆಯದೇ ಇರಲಿ. ಕ್ಲೌಡ್ ಡೌನ್‌ಲೋಡ್ ಆರಿಸಿದರೆ ವಿಂಡೋಸ್ ಹೊಸದಾಗಿ ಇಳಿಯುತ್ತದೆ, ಆದರೆ ಸುಮಾರು 4 ಜಿಬಿ ಬೇಕು, ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೂತರೆ ದಿನದ ಡೇಟಾ ಅರ್ಧದಲ್ಲೇ ಖಾಲಿ. ಆ ಕಂಪ್ಯೂಟರ್ ಮೇಲೆ ನಂಬಿಕೆಯೇ ಇಲ್ಲದಿದ್ದರೆ ಗೆಳೆಯರ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿ, 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದರಿಂದಲೇ ಬೂಟ್ ಮಾಡಿ. ನಡುವೆ ಕರೆಂಟ್ ಹೋಗಬಾರದು. ಯುಪಿಎಸ್ ಇಲ್ಲದಿದ್ದರೆ ಮಳೆ ಮೋಡ ಇರುವ ಸಂಜೆ ಕೈ ಹಾಕಬೇಡಿ. ಲ್ಯಾಪ್‌ಟಾಪ್ ಜೊತೆಗೇ ಬಂದ ವಿಂಡೋಸ್ ಆದರೆ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿರುತ್ತದೆ, ಕೀ ಕೇಳಿದಾಗ 'ನನ್ನ ಹತ್ತಿರ ಇಲ್ಲ' ಅನ್ನೋದನ್ನು ಒತ್ತಿ, ಆಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ.

ಇನ್ನೂ ವಿಂಡೋಸ್ 10 ಇದ್ದರೆ ಒಂದು ಮಾತು. ಅದಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹಳೇ ಸಿಸ್ಟಂಗೆ ವಿಂಡೋಸ್ 11 ಹತ್ತದಿದ್ದರೆ ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಳ್ಳಬಹುದು, ನೆಟ್ ನೋಡೋಕೆ, ಕನ್ನಡ ಟೈಪ್ ಮಾಡೋಕೆ ಧಾರಾಳ ಸಾಕು. ಟ್ಯಾಲಿ ಬೇಕು ಅನ್ನುವ ನಮ್ಮ ಭಾವನಂಥವರಿಗೆ ಆಗೋದಿಲ್ಲ.

ರೀಸೆಟ್ ಆದ ಮೇಲೆ ಅಕ್ಕನ ಮಗಳು ತನ್ನ ಪ್ರಾಜೆಕ್ಟ್ ತೆರೆದು ಇನ್ನೊಮ್ಮೆ ಕಿರುಚಿದಳು. ಕನ್ನಡ ಇದ್ದ ಕಡೆಯೆಲ್ಲ ಇಂಗ್ಲಿಷ್ ಅಕ್ಷರ, ಚುಕ್ಕಿ, ಬ್ರಾಕೆಟ್. "ವೈರಸ್ ಇನ್ನೂ ಹೋಗಿಲ್ಲ ಮಾಮ!" ಅದು ವೈರಸ್ ಅಲ್ಲ. ಅವಳು ಬರೆದದ್ದು 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟ್‌ನಲ್ಲಿ, ರೀಸೆಟ್ ಆದಾಗ ಫಾಂಟ್ ಹೋಗಿದೆ ಅಷ್ಟೇ. ನುಡಿ ಮತ್ತೆ ಹಾಕಿದೆ, ಅಕ್ಷರ ಎಲ್ಲ ಹಾಗೇ ಎದ್ದು ಬಂದವು. ನೀವೂ ನುಡಿ, ಬರಹ ಬಳಸುವವರಾದರೆ ರೀಸೆಟ್‌ಗೆ ಮುಂಚೆ ಯಾವ ಫಾಂಟ್‌ನಲ್ಲಿ ಬರೆದಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದಿಡಿ.

ಕೊನೆಗೆ ಅವಳಿಗೆ ಅಡ್ಮಿನ್ ಅಲ್ಲದ ಬೇರೆ ಖಾತೆ ಮಾಡಿಕೊಟ್ಟೆ, ಏನಾದರೂ ಇನ್‌ಸ್ಟಾಲ್ ಮಾಡಬೇಕಾದರೆ ಅಕ್ಕನ ಪಾಸ್‌ವರ್ಡ್ ಬೇಕು. ಮುಖ ಊದಿಸಿಕೊಂಡಳು. ಈಗ ಪ್ರಿಂಟ್‌ಗೆ ಪೆನ್‌ಡ್ರೈವ್ ಒಯ್ಯೋದಿಲ್ಲ, ಪಿಡಿಎಫ್ ಮಾಡಿ ಜೆರಾಕ್ಸ್ ಅಂಗಡಿಯ ಮೇಲ್‌ಗೆ ಕಳಿಸಿ, ಕೈ ಬೀಸಿಕೊಂಡು ಹೋಗಿ ಪೇಪರ್ ತರುತ್ತಾಳೆ.