ಬೇಳೆ ಹಾಕಿದ್ರೆ ಗಿಡ ಬರುತ್ತಾ ಮಿಸ್? ಒಂದನೇ ಕ್ಲಾಸಲ್ಲಿ ನಾನು ಮಾಡಿದ್ದು

ನಾನು ಪಾವಗಡ ಕಡೆ ಒಂದು ಸರ್ಕಾರಿ ಶಾಲೆಲಿ ನಲಿ-ಕಲಿ ನೋಡ್ಕೊಳ್ತೀನಿ, ಅಂದ್ರೆ ಒಂದು, ಎರಡು, ಮೂರನೇ ಕ್ಲಾಸು ಎಲ್ಲಾ ಒಂದೇ ರೂಮಲ್ಲಿ, ಕಾರ್ಡು ಹಿಡ್ಕೊಂಡು ಕಲಿಯೋದು. ಅನ್ವೇಷಣೆ ಮೂಲಕ ಕಲಿಕೆ (ಮಕ್ಕಳೇ ಮಾಡಿ ನೋಡಿ ಉತ್ತರ ಕಂಡುಹಿಡಿಯೋದು) ಅಂತ ಟ್ರೈನಿಂಗಲ್ಲಿ ಪಿಪಿಟಿ ಹಾಕಿ ಹೇಳ್ತಾರಲ್ಲ, ಅದನ್ನ ಒಂದನೇ ಕ್ಲಾಸಿನ ಮಕ್ಕಳ ಜೊತೆ ಹೆಂಗ್ ಮಾಡ್ದೆ ಅಂತ ಬರೀತಿದೀನಿ. ಬಹಳ ಜನ ಟೀಚರ್‌ಗಳಿಗೆ ಇದು ದೊಡ್ಡ ಕ್ಲಾಸಿನ ವಿಷಯ ಅನ್ನೋ ಭಾವನೆ ಇದೆ, ಅದಕ್ಕೆ ಕಾರಣನೂ ಇದೆ, ಮಧ್ಯಪ್ರದೇಶದಲ್ಲಿ 1972ರಲ್ಲಿ ಶುರುವಾದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮ ಇತ್ತಲ್ಲ, ಮಕ್ಕಳೇ ಪ್ರಯೋಗ ಮಾಡಿ ಕಲಿಯೋದು, ಅದೂ 6ರಿಂದ 8ನೇ ಕ್ಲಾಸಿಗೇ ಇದ್ದದ್ದು. ಓದಕ್ಕೆ ಬರಿಯಕ್ಕೆ ಬರದೇ ಇರೋ ಮಕ್ಕಳ ಹತ್ರ ಏನ್ ಪ್ರಯೋಗ ಮಾಡ್ಸೋದು ಅಂತಾರೆ. ಓದು ಬರಹ ಬರದೇ ಇದ್ರೂ ಆಗುತ್ತೆ, ಆದ್ರೆ ಪ್ರಶ್ನೆ ಸರಿಯಾಗಿ ಆರಿಸ್ಕೋಬೇಕು.

ಆರು ವರ್ಷದ ಮಕ್ಕಳಿಗೆ ಪ್ರಶ್ನೆ ಕೇಳೋದು ನಾವು ಕಲಿಸಬೇಕಾಗೇ ಇಲ್ಲ, ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಕೇಳ್ತಾನೇ ಇರ್ತಾರೆ. ಚಂದ್ರ ಯಾಕೆ ನಮ್ ಜೊತೆನೇ ಬರ್ತಾನೆ, ಹಾವಿಗೆ ಕಾಲು ಯಾಕಿಲ್ಲ, ಹೆಡ್ ಮಾಸ್ಟ್ರಿಗೆ ಕೂದಲು ಯಾಕಿಲ್ಲ. ಎಲ್ಲಾ ಒಳ್ಳೆ ಪ್ರಶ್ನೆನೇ, ಆದ್ರೆ ಕ್ಲಾಸ್ ರೂಮಲ್ಲಿ ಕೂತು ಮಾಡಿ ನೋಡಕ್ಕಾಗಲ್ಲ. ಅಂಥವಕ್ಕೆ ನನಗೆ ಗೊತ್ತಿದ್ದಷ್ಟು ಹೇಳ್ತೀನಿ, ಅಲ್ಲಿಗೆ ಮುಗೀತು. ನಾನು ಹಿಡಿಯೋ ಪ್ರಶ್ನೆ ಬೇರೆ ಥರದ್ದು. ಕೈಯಲ್ಲಿ ಮಾಡಿ ಕಣ್ಣಲ್ಲಿ ನೋಡೋ ಹಾಗಿರಬೇಕು, ಒಂದು ವಾರದೊಳಗೆ ಏನಾದ್ರೂ ಆಗಬೇಕು (ಅದಕ್ಕಿಂತ ಜಾಸ್ತಿ ಆದ್ರೆ ಮರ್ತೇ ಬಿಡ್ತಾರೆ), ಮತ್ತೆ ಮುಖ್ಯವಾಗಿ ಉತ್ತರದ ಬಗ್ಗೆ ಮಕ್ಕಳಲ್ಲೇ ಜಗಳ ಇರಬೇಕು. ಎಲ್ರೂ ಒಂದೇ ಉತ್ತರ ಹೇಳೋ ಪ್ರಶ್ನೆಲಿ ಹುಡುಕೋದಕ್ಕೆ ಏನೂ ಇರಲ್ಲ.

ಬೇಳೆ ಪ್ರಶ್ನೆ ಬಿಸಿಯೂಟದ ಟೈಮಲ್ಲಿ ಬಂತು. ಮುಂಗಾರು ಬಿತ್ತನೆ ಸಮಯ, ಎಲ್ಲರ ಮನೇಲೂ ಕಡ್ಲೆಕಾಯಿ ಬೀಜ, ತೊಗರಿ ಅಂತ ಅದೇ ಮಾತು, ಒಬ್ಳು ಸಾಂಬಾರಲ್ಲಿದ್ದ ಬೇಳೆ ಎತ್ತಿ ತೋರಿಸ್ಕೊಂಡು ಈ ಪಪ್ಪು ಹಾಕಿದ್ರೆ ಗಿಡ ಬರುತ್ತಾ ಮಿಸ್ ಅಂದ್ಲು. (ನಮ್ ಕಡೆ ಅರ್ಧಕ್ಕರ್ಧ ಮಕ್ಕಳ ಮನೇಲಿ ತೆಲುಗು. ಈ ಥರ ಕೆಲಸ ಮಾಡುವಾಗ ಕನ್ನಡದಲ್ಲೇ ಹೇಳು ಅಂತ ನಾನು ತಡೆಯಲ್ಲ, ತಡೆದ್ರೆ ಮಾತೇ ನಿಂತೋಗುತ್ತೆ.) ಪಕ್ಕದಲ್ಲಿದ್ದವನು ಬೇಯ್ಸಿದ್ದು ಎಲ್ಲಿ ಬರುತ್ತೆ ಅಂದ, ಇನ್ನೊಬ್ಬ ಬೇಯ್ಸದೇ ಇರೋದು ಬರುತ್ತೆ ಅಂದ, ಮತ್ತೊಬ್ಳು ಅದೂ ಬರಲ್ಲ ಅಂದ್ಲು. ಜಗಳ ಶುರುವಾಯ್ತು. ನನಗೆ ಬೇಕಾಗಿದ್ದು ಇದೇ.

ಮಾರನೇ ದಿನ ಬೆಳಿಗ್ಗೆ ಹವಾಮಾನ ನಕ್ಷೆ (ಇವತ್ತು ಬಿಸಿಲಾ ಮೋಡನಾ ಅಂತ ಗುರುತು ಹಾಕೋದು) ತುಂಬಿಸೋ ಹೊತ್ತಿಗೇ ಇದನ್ನ ಸೇರಿಸ್ದೆ. ನಲಿ-ಕಲಿಲಿ ಚಟುವಟಿಕೆ ಕಾರ್ಡು, ಮೆಟ್ಟಿಲು (ಕಲಿಕೆಯ ಒಂದೊಂದು ಹಂತ), ತಟ್ಟೆ (ಮಕ್ಕಳು ಕೂರೋ ಗುಂಪು) ಎಲ್ಲಾ ಫಿಕ್ಸ್ ಆಗಿರುತ್ತೆ, ಬೇರೆ ಪೀರಿಯಡ್ ಸಿಗಲ್ಲ, ಆದ್ರೆ ಎಲ್ಲಾ ಮಕ್ಕಳೂ ವೃತ್ತದಲ್ಲಿ ಕೂರೋ ಆ ಬೆಳಗಿನ ಹೊತ್ತನ್ನ ಯಾರೂ ಕಿತ್ಕೊಳಲ್ಲ. ಮನೆಯಿಂದ ಒಂದು ಹಿಡಿ ಏನಾದ್ರೂ ಕಾಳು ತನ್ನಿ ಅಂದಿದ್ದೆ, ಹುರುಳಿ, ಅಲಸಂದೆ, ತೊಗರಿ, ರಾಗಿ, ಭತ್ತ, ಕಡ್ಲೆಕಾಯಿ ಬಂತು, ಒಬ್ಬ ಹುರಿದ ಕಡ್ಲೆಕಾಯಿ ತಂದಿದ್ದ, ದಾರೀಲಿ ಅರ್ಧ ತಿಂದಿದ್ದ. ಬಿಸಿಯೂಟದ ಅಕ್ಕನ ಹತ್ರ ಒಂದು ಹಿಡಿ ತೊಗರಿ ಬೇಳೆ, ಒಂದು ಹಿಡಿ ಅಕ್ಕಿ ಇಸ್ಕೊಂಡೆ. ತೆಂಗಿನ ಚಿಪ್ಪಲ್ಲಿ ಒದ್ದೆ ಬಟ್ಟೆ ಹಾಕಿ ಒಂದೊಂದರಲ್ಲೂ ಒಂದೊಂದು ಕಾಳು, ಖರ್ಚು ಅಂತ ಏನೂ ಇಲ್ಲ.

ನೋಡೋಕೆ ಮುಂಚೆ ಊಹೆ ಮಾಡ್ಸೋದನ್ನ ಬಿಡಬಾರದು. ಆದ್ರೆ ಕೈ ಎತ್ತಿ ಅಂದ್ರೆ ಒಂದನೇ ಕ್ಲಾಸಲ್ಲಿ ಏನಾಗುತ್ತೆ ಗೊತ್ತಲ್ಲ, ಜೋರಿರೋ ಒಬ್ಬ ಎತ್ತಿದ್ರೆ ಎಲ್ಲರದೂ ಮೇಲೆ. ಅದಕ್ಕೆ ಬಾಗಿಲ ಹಿಂದೆ ಎರಡು ಡಬ್ಬ ಇಟ್ಟೆ, ಒಂದರ ಮೇಲೆ ಗಿಡದ ಚಿತ್ರ, ಇನ್ನೊಂದರ ಮೇಲೆ ಅದೇ ಗಿಡಕ್ಕೆ ಅಡ್ಡಗೀಟು, ಒಬ್ಬೊಬ್ಬರೇ ಹೋಗಿ ಒಂದು ಹುಣಸೆ ಬೀಜ ಹಾಕಿ ಬರೋದು. ಆಮೇಲೆ ಸುರಿದು ಎಣಿಸಿದ್ವಿ, ಎಣಿಸೋದು ಜಾಸ್ತಿ ಕಮ್ಮಿ ಎಲ್ಲಾ ಅಲ್ಲೇ ಆಯ್ತು, ಗಣಿತದ ಕಾರ್ಡಿಗೂ ಲೆಕ್ಕ. ಬೇಳೆ ಬರುತ್ತೆ ಅಂದವರೇ ಜಾಸ್ತಿ ಇದ್ರು.

ಇನ್ನೊಂದು ಸಮಸ್ಯೆ, ಮೂರನೇ ಕ್ಲಾಸಿನವರು. ಅವರಿಗೆ ಗೊತ್ತಿರುತ್ತೆ, ಗೊತ್ತಿಲ್ದೇ ಇದ್ರೂ ಗೊತ್ತು ಅಂತ ಹೇಳ್ಬಿಡ್ತಾರೆ, ಚಿಕ್ಕವರು ಬಾಯಿ ಮುಚ್ಕೊಳ್ತಾರೆ. ಅವರನ್ನ ಬರಹಗಾರರು ಮಾಡ್ದೆ, ಒಂದನೇ ಕ್ಲಾಸಿನವರು ಹೇಳಿದ್ದನ್ನ ಹೇಳಿದ ಹಾಗೇ ಬರಿಬೇಕು, ಸ್ವಂತದ್ದು ಸೇರಿಸಂಗಿಲ್ಲ. ಇದು ಚೆನ್ನಾಗಿ ಕೆಲಸ ಮಾಡ್ತು.

ಒಂದನೇ ಕ್ಲಾಸಿನವರ ದಾಖಲೆ ಅಂದ್ರೆ ಚಿತ್ರ. ನಮ್ಮಲ್ಲಿ ಗೋಡೆ ಕೆಳಗೆ ಮಕ್ಕಳಿಗೆ ಅಂತ ಹಲಗೆ ಇರುತ್ತಲ್ಲ, ಅದರಲ್ಲಿ ಅವರವರ ಜಾಗದಲ್ಲಿ ದಿನಾ ಚಿಪ್ಪು ನೋಡಿ ಬರಿಯೋದು. ಮೊದಲನೇ ದಿನ ಎಲ್ಲರೂ ಎಲೆ, ಹೂವು, ಪಕ್ಕದಲ್ಲಿ ಸೂರ್ಯ, ಮನೆ, ಎಲ್ಲಾ ಬರೆದಿದ್ರು, ಚಿಪ್ಪಲ್ಲಿ ಇನ್ನೂ ಏನೂ ಆಗಿಲ್ಲ. ತಪ್ಪು ಅನ್ನದೆ ಚಿಪ್ಪು ಪಕ್ಕ ಇಟ್ಟು ಈ ಹೂವು ಎಲ್ಲಿದೆ ತೋರ್ಸು ಅಂದೆ ಅಷ್ಟೇ. ಹುಡುಕಿದ್ರು, ನಕ್ಕರು, ಒರೆಸಿದ್ರು. ನನ್ನ ಕೇಳಿದ್ರೆ ಇಡೀ ಕೆಲಸದಲ್ಲಿ ಮಕ್ಕಳು ಕಲಿತಿದ್ದರಲ್ಲಿ ದೊಡ್ಡದು ಇದೇ, ಗೊತ್ತಿರೋದನ್ನ ಬರಿಯೋದು ಬೇರೆ, ಕಂಡಿದ್ದನ್ನ ಬರಿಯೋದು ಬೇರೆ. ಅಕ್ಷರನೂ ಜೊತೆಗೇ ಬಂತು, ನಲಿ-ಕಲಿಲಿ ಅ ಆ ಇ ಈ ಕ್ರಮ ಇಲ್ಲ, ರ ಗ ಸ ದ ಅ ಅಂತ ಶುರು, ಹಂಗಾಗಿ ರಾಗಿ ಚಿಪ್ಪಿನ ಚೀಟಿ ಓದಕ್ಕೆ ಎಲ್ಲಾ ಮುಗಿಬಿದ್ರು.

ಅಲಸಂದೆ, ಹುರುಳಿ ಬೇಗ ಬಾಲ ಬಿಟ್ವು (ಬಾಲ ಅಂತ ಅವರೇ ಇಟ್ಟ ಹೆಸರು, ಬೇರು ಅಂತ ನಾನು ತಿದ್ದಕ್ಕೆ ಹೋಗ್ಲಿಲ್ಲ, ಅದು ಕೆಳಗಡೆ ಬಗ್ಗಿದ್ಮೇಲೆ ಅವರೇ ಬೇರು ಅಂದ್ರು). ರಾಗಿ, ತೊಗರಿ ಕಾಳೂ ಬಂತು, ಭತ್ತ ಸ್ವಲ್ಪ ನಿಧಾನ. ಅಕ್ಕಿ ಬರ್ಲಿಲ್ಲ, ಹುರಿದ ಕಡ್ಲೆಕಾಯಿ ಬರ್ಲಿಲ್ಲ, ಬೇಳೆ ಉಬ್ಬಿ ನಾತ ಬಂತು. ಬರುತ್ತೆ ಅಂದವರ ಮುಖ ನೋಡ್ಬೇಕಿತ್ತು.

ಇಲ್ಲಿಗೆ ನಿಲ್ಲಿಸಿದ್ರೆ ಅದು ಬರೀ ಪ್ರಯೋಗ. ನಾನು ಯಾಕೆ ಅಂತ ಕೇಳ್ಲಿಲ್ಲ, ತೊಗರಿ ಬಂತು ಬೇಳೆ ಬರ್ಲಿಲ್ಲ, ಎರಡನ್ನೂ ಪಕ್ಕ ಪಕ್ಕ ಇಟ್ಟು ಏನು ವ್ಯತ್ಯಾಸ ಇದೆ ನೋಡಿ ಅಂದೆ. ಎರಡು ಪಾರ್ಟಿ ಆಯ್ತು. ಒಂದು ಸಿಪ್ಪೆ ಪಾರ್ಟಿ, ಬೇಳೆಗೆ ಬಟ್ಟೆ ಇಲ್ಲ ಅದಕ್ಕೆ ಚಳಿಗೆ ಸತ್ತೋಗಿದೆ ಅಂತ. ಇನ್ನೊಂದು ಒಡೆದಿರೋ ಪಾರ್ಟಿ, ಬೇಳೆ ಅರ್ಧನೇ ಇದೆ ಅದಕ್ಕೆ ಬರಲ್ಲ ಅಂತ. ಎರಡೂ ಸುಮ್ನೆ ತಳ್ಳಿ ಹಾಕೋ ಮಾತಲ್ಲ. ಹೆಂಗೆ ಕಂಡುಹಿಡಿಯೋದು ಅಂತ ಕೇಳಿ ಬಾಯಿ ಮುಚ್ಕೊಂಡೆ, ಈ ಬಾಯಿ ಮುಚ್ಕೊಳೋದೇ ಕಷ್ಟದ ಕೆಲಸ, ಉತ್ತರ ನಾಲಿಗೆ ತುದೀಲಿ ಇರುತ್ತೆ. ಕೊನೆಗೆ ಒಬ್ಳು ಕಡ್ಲೆಕಾಯಿ ಸಿಪ್ಪೆ ಬಿಚ್ಚಿ ಒಡೀದೇ ಹಾಕೋಣ ಅಂದ್ಲು. ಇದಕ್ಕಿಂತ ಇನ್ನೇನು ಬೇಕು ಹೇಳಿ. ನೆನೆಸಿದ ಬೀಜದ ಕೆಂಪು ಸಿಪ್ಪೆ ತೆಗೆದು ಇಟ್ವಿ, ಬೆತ್ತಲೆ ಬೀಜನೂ ಮೊಳಕೆ ಬಂತು. ಸಿಪ್ಪೆ ಪಾರ್ಟಿ ಸೋತ್ರು.

ಕಡ್ಲೆಕಾಯಿ ಬೀಜ ಒಡೆದು ನೋಡುವಾಗ ಒಂದು ಅರ್ಧದ ತುದೀಲಿ ಪುಟ್ಟದಾಗಿ ಒಂದು ಮೂತಿ ಅಂಟ್ಕೊಂಡಿರುತ್ತಲ್ಲ, ಅದನ್ನ ಮಕ್ಕಳೇ ಕಂಡ್ರು, ಇನ್ನೊಂದು ಅರ್ಧದಲ್ಲಿ ಇಲ್ಲ. ಮೂತಿ ಇರೋ ಅರ್ಧ ಒಂದು ಚಿಪ್ಪಿಗೆ, ಇಲ್ದೇ ಇರೋದು ಇನ್ನೊಂದಕ್ಕೆ. ಮೂತಿ ಇರೋದರಲ್ಲಿ ಕೆಲವು ಸಣ್ಣದಾಗಿ ಬಂದ್ವು, ಕೆಲವಕ್ಕೆ ಬೂಷ್ಟು ಹಿಡೀತು, ಇಲ್ದೇ ಇರೋದು ಒಂದೂ ಬರ್ಲಿಲ್ಲ. ಅಂದ್ರೆ ಒಡೆದಿರೋ ಪಾರ್ಟಿನೂ ಪೂರ್ತಿ ಗೆಲ್ಲಲಿಲ್ಲ! ಆವಾಗ ಬೇಳೆ ಕೈಗೆ ಕೊಟ್ಟೆ, ಮೂತಿ ಹುಡುಕಿ ಅಂದೆ. ಮಿಲ್ಲಲ್ಲಿ ಸಿಪ್ಪೆ ತೆಗೆದು ಒಡೆಯುವಾಗ ಅದು ಉದುರಿ ಹೋಗಿರುತ್ತೆ, ಅಕ್ಕಿ ಪಾಲಿಶ್ ಮಾಡುವಾಗಲೂ ಹಂಗೇ, ಇದನ್ನ ಮಾತ್ರ ನಾನೇ ಹೇಳ್ದೆ, ಹೇಳಬೇಕಾದ ಮಾತು ಹೇಳಲೇಬೇಕು, ಎಲ್ಲಾನೂ ಮಕ್ಕಳೇ ಕಂಡುಹಿಡೀಲಿ ಅಂತ ಕೂತ್ರೆ ಅದೂ ನಾಟಕ ಆಗುತ್ತೆ.

ನೋಡಕ್ಕೆ ಬಂದ, ನಮ್ ಸುತ್ತಮುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡೋ ಸಿಆರ್‌ಪಿ ಇದು ಯಾವ ಮೆಟ್ಟಿಲು ಮೇಡಂ ಅಂತ ಕೇಳಿದ್ರು. ಎಣಿಕೆ, ಹೋಲಿಕೆ, ಚಿತ್ರ, ಮಾತು, ಪರಿಸರ, ಎಲ್ಲಾ ಮೈಲಿಗಲ್ಲಿಗೂ (ಕೆಲವು ಮೆಟ್ಟಿಲು ಸೇರಿದ್ರೆ ಒಂದು ಮೈಲಿಗಲ್ಲು) ಸ್ವಲ್ಪ ಸ್ವಲ್ಪ ಬರುತ್ತೆ ಅಂತ ತೋರಿಸ್ದೆ, ಒಪ್ಕೊಂಡ್ರು. 1995ರಲ್ಲಿ ಎಚ್.ಡಿ. ಕೋಟೆಲಿ ನಲಿ-ಕಲಿ ಶುರುವಾದಾಗ ಕಾರ್ಡುಗಳನ್ನ ಮಾಡಿದ್ದು ಟೀಚರ್‌ಗಳೇ, ಈಗ ಅದೇ ಕಾರ್ಡು ಬಿಟ್ಟು ಆಚೆ ಹೋಗಬಾರದು ಅನ್ನೋ ಹಾಗೆ ನಾವೇ ಮಾಡ್ಕೊಂಡಿದೀವಿ ಅನ್ಸುತ್ತೆ.

ಮಾಡೋರಿಗೆ ಕೆಲವು ವಿಷಯ. ಸೋಮವಾರನೇ ಶುರು ಮಾಡಿ, ಶುಕ್ರವಾರ ನೆನೆಸಿಟ್ರೆ ಭಾನುವಾರ ಬಟ್ಟೆಗೆ ನೀರು ಹಾಕೋರು ಇರಲ್ಲ. ನೀರಲ್ಲಿ ಮುಳುಗಿಸಿ ಇಡಬೇಡಿ, ಗಾಳಿ ಸಿಗದೆ ಕೊಳೆಯುತ್ತೆ, ಬೇಕಂದ್ರೆ ಒಂದು ಚಿಪ್ಪು ಹಂಗೇ ಮುಳುಗಿಸಿ ಇಟ್ಟು ತೋರಿಸಬಹುದು. ಈ ವಯಸ್ಸಲ್ಲಿ ಕಾಳನ್ನ ಮೂಗಿಗೆ ಕಿವಿಗೆ ಹಾಕ್ಕೊಳೋರು ಇದ್ದೇ ಇರ್ತಾರೆ, ಕಾಳು ಮುಟ್ಟೋ ಹೊತ್ತಲ್ಲಿ ನೀವು ಅಲ್ಲೇ ಕೂತಿರಿ. ಚಿಪ್ಪಿನ ಮೊಳಕೆ ತಿನ್ನಕ್ಕೆ ಬಿಡಬೇಡಿ, ಎಲ್ಲರೂ ಮುಟ್ಟಿರ್ತಾರೆ. ಮತ್ತೆ ರಾತ್ರಿ ಬೀರು ಒಳಗೆ ಇಟ್ಟು ಬೀಗ ಹಾಕಿ, ಕತ್ತಲಲ್ಲೂ ಮೊಳಕೆ ಬರುತ್ತೆ, ಆದ್ರೆ ಆಚೆ ಬಿಟ್ರೆ ಇಲಿ ಒಂದೂ ಉಳಿಸಲ್ಲ.