ಗ್ರೀನ್‌ಲಾ ನಿಂತಲ್ಲೇ ನಿಂತು: ಹಂಪಿಯ ಹಳೆಯ ನೋಟವನ್ನು ಮತ್ತೆ ತೆಗೆಯುವ ಬಗೆ

1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದರು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ನೋಟಗಳನ್ನು ಮತ್ತೆ ತೆಗೆದರು. ಈ ಕೆಲಸದಲ್ಲಿ ಕ್ಯಾಮೆರಾದ ಬೆಲೆಗಿಂತ ಅದನ್ನು ಇಟ್ಟ ಜಾಗವೇ ಮುಖ್ಯ.

ಹಳೆಯ ಚಿತ್ರದ ಎ4 ಪ್ರಿಂಟ್, ಸ್ಕೇಲು, ಟ್ರೈಪಾಡ್ ಸಾಕು. ಹೊರಡುವ ಮೊದಲು ಚಿತ್ರ ಎಡಬಲ ತಿರುವಾಗಿದೆಯೇ ನೋಡಿಕೊಳ್ಳಿ. ನೆಗೆಟಿವನ್ನು ಮಗುಚಿ ಸ್ಕ್ಯಾನ್ ಮಾಡಿದ್ದರೆ ಬೆಟ್ಟವೆಲ್ಲ ಅಲೆದರೂ ಜಾಗ ಸಿಗದು.

ಗುರುತಿಗೆ ಮರ, ಗಾರೆ, ಇಟ್ಟಿಗೆ ಬೇಡ. ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಗೋಪುರವಿತ್ತು, ಈಗಿಲ್ಲ. ಹೆಬ್ಬಂಡೆಗಳ ಬಿರುಕು, ಅಂಚುಗಳನ್ನು ನಂಬಿ.

ಹತ್ತಿರದ ಒಂದು ಬಂಡೆ, ದೂರದ ಒಂದು ತುದಿ ಆರಿಸಿ. ಹತ್ತಿರದ್ದು ಹಳೆಯ ಚಿತ್ರಕ್ಕಿಂತ ಬಲಕ್ಕೆ ಸರಿದಂತೆ ಕಂಡರೆ ನೀವು ಬಲಕ್ಕೆ ಹೆಜ್ಜೆಯಿಡಿ, ಎಡಕ್ಕಿದ್ದರೆ ಎಡಕ್ಕೆ. ದೂರದ್ದಕ್ಕೆ ಹೋಲಿಸಿದರೆ ಅದು ತೀರ ಮೇಲೆ ಕಂಡರೆ ಕ್ಯಾಮೆರಾ ಎತ್ತರಿಸಿ. ಹಿಂದೆ ಮುಂದೆ ಹೋಗಬೇಕೇ ಎಂಬುದಕ್ಕೆ ಲೆಕ್ಕವಿದೆ: ಪ್ರಿಂಟ್‌ನಲ್ಲಿ ಹತ್ತಿರದ ಎರಡು ಬಂಡೆಗಳ ಅಂತರ 60 ಮಿ.ಮೀ., ದೂರದ ಎರಡು ತುದಿಗಳದ್ದು 30 ಎಂದಿಟ್ಟುಕೊಳ್ಳಿ, ಅನುಪಾತ 2. ನಿಮ್ಮ ಚಿತ್ರದಲ್ಲಿ 1.8 ಬಂದರೆ ಹಿಂದೆ ಉಳಿದಿದ್ದೀರಿ, ಮುಂದೆ ನಡೆಯಿರಿ. ಜೂಮ್ ತಿರುಗಿಸಿದರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ, ಅನುಪಾತ ಕದಲದು. ಹೆಚ್ಚಿನವರು ಎಡವುವುದು ಇಲ್ಲೇ.

ಜಾಗ ಕೂಡಿಬಂದ ಮೇಲೆ ಬೇಕಾದ್ದಕ್ಕಿಂತ ತುಸು ಅಗಲವಾಗಿಯೇ ತೆಗೆದು, ಆಮೇಲೆ ಕತ್ತರಿಸಿ. ಕಂಬಗಳು ಒರಗದಂತೆ ಕ್ಯಾಮೆರಾವನ್ನು ಮಟ್ಟಸವಾಗಿಡಿ.

ಬೆಳಕಿಗೆ ನೆರಳೇ ಗಡಿಯಾರ. ನೆರಳಿನ ಅಂಚು ಹಳೆಯ ಚಿತ್ರದ ಬಿರುಕಿಗೇ ತಾಗುವವರೆಗೆ ಕಾಯಿರಿ. ಆಗಲೂ ಕೂಡದಿದ್ದರೆ ತಿಂಗಳು ಬೇರೆ. ಹೊಳೆಯ ನೀರು ಮಾತ್ರ ತಿಂಗಳಿಗೆ ಸಿಕ್ಕದು: 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಮಟ್ಟ ಗೇಟಿನ ಮರ್ಜಿ. ಅದು ಹೊಂದದಿದ್ದರೆ ಕೊರಗಬೇಡಿ, ತೋರಿಸಬೇಕಾದ ಬದಲಾವಣೆಯೇ ಅದು. ಆಗಿನ ಕಾಗದ ನೀಲಿಗೆ ಹೆಚ್ಚು ಸ್ಪಂದಿಸುತ್ತಿದ್ದುದರಿಂದ ಆಕಾಶ ಬೋಳು ಬಿಳಿ, ಮೋಡಗಳನ್ನು ಹೋಲಿಸಬೇಡಿ.

ಸಂರಕ್ಷಿತ ಸ್ಮಾರಕದೊಳಗೆ ಟ್ರೈಪಾಡ್ ಹೂಡಲು ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಕೊನೆಗೆ ಜಿಪಿಎಸ್, ಲೆನ್ಸಿನ ನೆಲದಿಂದೆತ್ತರ, ದಿಕ್ಕು, ದಿನಾಂಕ, ಗಂಟೆ ಬರೆದಿಟ್ಟು, ಟ್ರೈಪಾಡಿನ ಕಾಲುಗಳು ಊರಿದ ಬಂಡೆಯ ಫೋಟೊ ಒಂದನ್ನು ತೆಗೆದುಕೊಳ್ಳಿ. ಬಂಡೆಗೆ ಬಣ್ಣ ಬಳಿದು ಗುರುತು ಮಾಡಬೇಡಿ.